ಕಿವಿ ಮಂದವಾದದ್ದು ಕಿವಿಗೆ ತಿಳಿಯದು



ಮಾತು ಶುರು ಮಾಡುವ ಮೊದಲು ಒಂದು ಸಣ್ಣ ವಿಚಾರಣೆ. ನೀವೀಗ ಕೇಳುತ್ತಿರುವ ರೇಡಿಯೊದ ಸದ್ದನ್ನು ಇಷ್ಟಕ್ಕೆ ಇಟ್ಟವರು ಯಾರು? ಒಬ್ಬರು ಏರಿಸುತ್ತಾರೆ, ಇನ್ನೊಬ್ಬರು ಬಂದು ಇಳಿಸುತ್ತಾರೆ, ಅವರು ಅತ್ತ ಹೋದ ಕೂಡಲೇ ಮತ್ತೆ ಏರುತ್ತದೆ. ಈ ಜಗ್ಗಾಟ ನಿಮ್ಮ ಮನೆಯಲ್ಲಿ ದಿನಾ ನಡೆಯುತ್ತಿದ್ದರೆ ಏರಿಸುವವರನ್ನು ಹಟಮಾರಿ ಎಂದು ಬೈಯಬೇಡಿ. ಅವರ ಕಿವಿಯನ್ನು ಒಮ್ಮೆ ಯಾರಾದರೂ ನೋಡಬೇಕಾಗಿದೆ, ಅಷ್ಟೇ.

ಕಣ್ಣು ಮಂಜಾದರೆ ಅವರಿಗೇ ಗೊತ್ತಾಗುತ್ತದೆ. ಸೂಜಿಗೆ ದಾರ ಹೋಗುವುದಿಲ್ಲ, ಬಸ್ಸಿನ ಬೋರ್ಡು ಕಾಣುವುದಿಲ್ಲ, ತಾವಾಗಿಯೇ ಚಸ್ಮ ಬೇಕು ಅನ್ನುತ್ತಾರೆ. ಕಿವಿ ಹಾಗಲ್ಲ. ಕೇಳಿಸದೇ ಹೋದ ಮಾತೊಂದು ಇತ್ತು ಎಂಬುದೇ ಕೇಳಿಸದವರಿಗೆ ತಿಳಿದಿರುವುದಿಲ್ಲ. ಅವರ ಪಾಲಿಗೆ ಲೋಕದವರೆಲ್ಲ ಈಚೆಗೆ ಬಾಯೊಳಗೇ ಮಾತಾಡಲು ಕಲಿತಿದ್ದಾರೆ. ಮೊಮ್ಮಕ್ಕಳು ಗೊಣಗುತ್ತವೆ, ಸೊಸೆ ನುಂಗಿ ನುಂಗಿ ಮಾತಾಡುತ್ತಾಳೆ, ಫೋನು ಹಾಳಾಗಿದೆ. ಹೀಗಾಗಿ ನಮ್ಮಂಥ ಕಿವಿಯ ವೈದ್ಯರ ಕೋಣೆಗೆ ತಾನಾಗಿ ಒಬ್ಬನೇ ಬರುವ ರೋಗಿ ಕಡಿಮೆ. "ಇವರಿಗೆ ಕಿವಿ ಮಂದ ಆಗೇತ್ರಿ" ಎಂದು ಹೆಂಡತಿ ಹೇಳುತ್ತಾಳೆ. "ಏನೂ ಆಗಿಲ್ಲ ಸಾರ್, ಇಕಿ ಸುಮ್ನೆ ಎಳಕೊಂಡು ಬಂದಾಳ" ಎಂದು ಗಂಡ ಹೇಳುತ್ತಾನೆ. ಪರೀಕ್ಷೆ ಮಾಡಿದ ಮೇಲೆ ಬಹುತೇಕ ಹೆಂಡತಿಯದೇ ಗೆಲುವು. ಇವತ್ತು ನಾನು ಹೇಳಬೇಕೆಂದಿರುವುದೂ ಇದನ್ನೇ. ಕಿವಿಯ ವಿಷಯದಲ್ಲಿ ಮೊದಲ ಪರೀಕ್ಷಕರು ಮನೆಯವರು. ಅವರು ನಕ್ಕು ಸುಮ್ಮನಾದರೆ ವೈದ್ಯರ ತನಕ ವಿಷಯ ಬರುವುದೇ ಇಲ್ಲ.

ಕಿವಿಯೊಳಗೆ ಏನಿದೆ ಎಂದು ಚುಟುಕಾಗಿ ಹೇಳಿಬಿಡುತ್ತೇನೆ. ಹೊರಗೆ ಕಾಣುವ ಹಾಲೆಯಿಂದ ಒಳಕ್ಕೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಓಣಿ. ಓಣಿಯ ಕೊನೆಗೆ ತಮಟೆ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ತಮಟೆಯ ಹಿಂದೆ ಒಂದಕ್ಕೊಂದು ಕೊಂಡಿಯಾದ ಮೂರು ಎಲುಬು. ಅವುಗಳಲ್ಲಿ ಕೊನೆಯದು ಇಡೀ ಮೈಯಲ್ಲೇ ಚಿಕ್ಕ ಎಲುಬು, ಮೂರು ಮಿಲಿಮೀಟರ್. ಅದರಾಚೆಗೆ ಎರಡೂವರೆ ಸುತ್ತಿನ ಸುರುಳಿ. ಆ ಸುರುಳಿಯ ಒಳಗೆ ಹುಟ್ಟುವಾಗ ಸುಮಾರು 15,000 ರೋಮಕೋಶಗಳಿರುತ್ತವೆ. ಸದ್ದಿನ ಅದುರನ್ನು ನರಕ್ಕೆ ದಾಟಿಸುವ ಕೆಲಸ ಇವುಗಳದು. ಚರ್ಮ ಕೊಯ್ದರೆ ಕೂಡುತ್ತದೆ, ಎಲುಬು ಮುರಿದರೆ ಬೆಸೆಯುತ್ತದೆ, ಸತ್ತ ರೋಮಕೋಶ ಮಾತ್ರ ಮತ್ತೆ ಹುಟ್ಟುವುದಿಲ್ಲ. ಕೋಳಿಗೆ ಹುಟ್ಟುತ್ತದೆ, ಮನುಷ್ಯನಿಗೆ ಆ ಭಾಗ್ಯವಿಲ್ಲ. ಓಣಿಯಲ್ಲೋ ತಮಟೆಯಲ್ಲೋ ಎಲುಬಿನಲ್ಲೋ ತೊಂದರೆ ಇದ್ದರೆ ಔಷಧಿ, ಶಸ್ತ್ರಚಿಕಿತ್ಸೆಗಳಿಂದ ಬಹುಪಾಲು ಸರಿಪಡಿಸಬಹುದು. ಸುರುಳಿಯೊಳಗೆ ಹೋದದ್ದು ಹೋದಂತೆಯೇ. ಇಷ್ಟು ನೆನಪಿದ್ದರೆ ಮುಂದಿನದು ಸಲೀಸು.

ರೋಮಕೋಶ ಸಾಯಿಸುವ ಗದ್ದಲ ನಮ್ಮಲ್ಲಿ ಎಲ್ಲೆಲ್ಲಿದೆ? ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯಿಂದ ಬರೋಣ. ತುಂಗಭದ್ರೆಯ ನೀರುಂಡ ಈ ಸೀಮೆಯಲ್ಲಿ ನೆಲ್ಲೇ ಬದುಕು. ಗದ್ದೆ ಹದ ಮಾಡುವ ಟ್ರ್ಯಾಕ್ಟರು, ಕೊಯ್ಲಿನ ಮಷಿನ್ನು, ಕೊನೆಗೆ ರೈಸ್‌ಮಿಲ್ಲು. ಒಂದು ಕಾಳು ಅಕ್ಕಿಯಾಗಿ ಚೀಲ ಸೇರುವ ಹೊತ್ತಿಗೆ ಎಷ್ಟು ಗದ್ದಲ ದಾಟಿ ಬಂದಿರುತ್ತದೆ ನೋಡಿ. ಮಿಲ್ಲಿನೊಳಗೆ ಜರಡಿಯ ಕುಲುಕಾಟ, ಎಲಿವೇಟರಿನ ಕಟಕಟ, ಪಾಲಿಶ್ ಮಾಡುವ ಮಷಿನ್ನಿನ ಕಿರುಚಾಟ, ತೌಡು ಎಳೆಯುವ ಬ್ಲೋವರಿನ ಹುಯಿಲು ಎಲ್ಲ ಒಟ್ಟಿಗೆ. ಅಲ್ಲಿ ಕೆಲಸ ಮಾಡುವ ಆಪರೇಟರು, ಹಮಾಲರು ಒಬ್ಬರಿಗೊಬ್ಬರು ಕೈಸನ್ನೆಯಲ್ಲೇ ಮಾತಾಡುವುದನ್ನು ನೀವು ನೋಡಿರಬಹುದು. ಒಂದು ಮಾರು ದೂರ ನಿಂತವರ ಮಾತು ಕೂಗದೆ ಕೇಳಿಸುವುದಿಲ್ಲ ಎಂದರೆ ಆ ಜಾಗ ಕಿವಿಗೆ ಅಪಾಯದ್ದು. ಇದಕ್ಕೆ ಯಾವ ಯಂತ್ರವೂ ಬೇಡ, ಈ ಗುರುತೇ ಸಾಕು.

ಯಂತ್ರದ ಅಳತೆಯೇ ಬೇಕೆನ್ನುವವರಿಗೆ ಡೆಸಿಬಲ್ ಎಂಬ ಮಾನ ಇದೆ. ಎದುರುಬದುರು ಕೂತು ಆಡುವ ಮಾತು 60 ಡೆಸಿಬಲ್ ಆಸುಪಾಸು. ನಮ್ಮ ದೇಶದ ಅಕ್ಕಿ ಗಿರಣಿಗಳಲ್ಲಿ ಅಳೆದವರಿಗೆ 78ರಿಂದ 92ರವರೆಗೆ ಸಿಕ್ಕಿದೆ. 60ಕ್ಕೂ 90ಕ್ಕೂ ಒಂದೂವರೆ ಪಟ್ಟು ತಾನೆ ಎಂದುಕೊಳ್ಳಬೇಡಿ. ಡೆಸಿಬಲ್ಲಿನದು ಕಿರಾಣಿ ಅಂಗಡಿಯ ಲೆಕ್ಕವಲ್ಲ. ಮೂರು ಏರಿದರೆ ಸದ್ದಿನ ಶಕ್ತಿ ಎರಡು ಪಟ್ಟಾಗುತ್ತದೆ, ಹತ್ತು ಏರಿದರೆ ಹತ್ತು ಪಟ್ಟು, 60ರಿಂದ 90ಕ್ಕೆ ಹೋದರೆ ಸಾವಿರ ಪಟ್ಟು. ಕಿವಿಯ ತಜ್ಞರು ಒಪ್ಪುವ ಮಿತಿ ದಿನಕ್ಕೆ ಎಂಟು ಗಂಟೆ 85 ಡೆಸಿಬಲ್. 88 ಆದರೆ ನಾಲ್ಕೇ ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು. 100 ಮುಟ್ಟಿದರೆ ಕಾಲು ಗಂಟೆಯಲ್ಲಿ ಆ ದಿನದ ಪಾಲು ಮುಗಿಯಿತು.

ಕಿವಿಗೆ ಆಗುವ ಪೆಟ್ಟು ಮೊದಲ ದಿನ ಗೊತ್ತೇ ಆಗುವುದಿಲ್ಲ ಎಂಬುದು ಇದರ ಮೋಸ. ಪಾಳಿ ಮುಗಿಸಿ ಹೊರಗೆ ಬಂದಾಗ ಕಿವಿಗೆ ಹತ್ತಿ ತುರುಕಿದ ಹಾಗೆ, ಒಳಗೆ ಜೀರುಂಡೆ ಕೂಗಿದ ಹಾಗೆ ಇರುತ್ತದೆ. ಉಂಡು ಮಲಗಿ ಬೆಳಿಗ್ಗೆ ಎದ್ದರೆ ಎಲ್ಲ ಸರಿಹೋಗಿರುತ್ತದೆ. "ಹೋದಂಗಾಗಿ ಬರ್ತೇತ್ರಿ, ಏನಾಗಂಗಿಲ್ಲ" ಎಂಬ ಧೈರ್ಯ ಬರುವುದು ಹೀಗೆ. ಆದರೆ ಪ್ರತಿದಿನ ದಣಿದ ರೋಮಕೋಶಗಳಲ್ಲಿ ಕೆಲವು ಮರಳಿ ಏಳುವುದಿಲ್ಲ. ಮೊದಲು ಸಾಯುವವು ಸಣ್ಣ, ಚೂಪಾದ ಸದ್ದನ್ನು ಹಿಡಿಯುವ ಕೋಶಗಳು. ಹಕ್ಕಿಯ ಚಿಲಿಪಿಲಿ ನಿಂತಿತೆಂದು ಯಾರು ತಾನೆ ಆಸ್ಪತ್ರೆಗೆ ಹೋಗುತ್ತಾರೆ? ಮಾತೇ ತಪ್ಪತೊಡಗುವ ಹೊತ್ತಿಗೆ ವರ್ಷಗಳು ಉರುಳಿರುತ್ತವೆ. ಸೀಟೇ ನಡುಗುವಂತೆ ಹಾಡು ಹಾಕಿಕೊಂಡು, ಸೈಲೆನ್ಸರ್ ಕಿತ್ತು ಟ್ರ್ಯಾಕ್ಟರ್ ಓಡಿಸುವ ಹುಡುಗರು ಮಿಲ್ಲಿಗೆ ಸೇರುವ ಮೊದಲೇ ಅರ್ಧ ಕಿವಿ ಖರ್ಚು ಮಾಡಿರುತ್ತಾರೆ.

ಬಳ್ಳಾರಿ ಊರಿನೊಳಗೆ ಗದ್ದಲದ ಬಗೆ ಬೇರೆ. ಇಲ್ಲಿಯ ಜೀನ್ಸ್ ಪ್ಯಾಂಟು ದೇಶದ ಮಾರುಕಟ್ಟೆಗಳಿಗೆ ಹೋಗುತ್ತದೆ. ಅದನ್ನು ಹೊಲಿಯುವ ಕೈಗಳು ಮನೆಮನೆಯಲ್ಲಿ, ತಗಡಿನ ಶೆಡ್ಡುಗಳಲ್ಲಿ ಇವೆ. ಒಂದು ಹೊಲಿಗೆ ಮಷಿನ್ನು ಕಿವಿ ಕೆಡಿಸುವುದಿಲ್ಲ. ಇಪ್ಪತ್ತು ಮಷಿನ್ನು ತಗಡಿನ ಕೆಳಗೆ ಸಾಲಾಗಿ ನಿಂತರೆ, ಮಧ್ಯೆ ಓವರ್‌ಲಾಕು, ಫ್ಯಾನು ಸೇರಿದರೆ ಲೆಕ್ಕ ಬದಲಾಗುತ್ತದೆ. ಪೀಸ್ ಲೆಕ್ಕದ ಕೂಲಿ ಆದ್ದರಿಂದ ಮಧ್ಯೆ ಎದ್ದು ಹೊರಗೆ ಹೋಗಿ ಕಿವಿಗೆ ವಿಶ್ರಾಂತಿ ಕೊಡಿ ಎಂಬ ಉಪದೇಶ ನಡೆಯುವುದಿಲ್ಲ, ನಾನು ಅದನ್ನು ಹೇಳುವುದೂ ಇಲ್ಲ. ಹೇಳುವುದು ಬೇರೊಂದು. ಹೊಲಿಯುವ ಹುಡುಗ ಹುಡುಗಿಯರು ಬೇಸರ ಕಳೆಯಲು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾರೆ. ಮಷಿನ್ನಿನ ಸದ್ದನ್ನು ಮೀರಿ ಹಾಡು ಕೇಳಬೇಕಾದರೆ ಫೋನಿನ ಸದ್ದು ಅದಕ್ಕಿಂತ ಮೇಲಿರಬೇಕು. ಹೊರಗಿನ ಗದ್ದಲವೂ ಹೋಗದೆ, ಒಳಗಿನ ಹಾಡೂ ಸೇರಿ, ಒಂದೇ ಕಿವಿಗೆ ಎರಡು ಪಾಳಿ. ಶೆಡ್ಡಿನಲ್ಲಿ ಹಾಡು ಬೇಡ. ಬೇಕೇ ಬೇಕೆಂದರೆ ಮಷಿನ್ನು ನಿಂತ ಮೇಲೆ, ಫೋನಿನ ಪೂರ್ತಿ ಸದ್ದಿನ ಅರ್ಧದ ಸುಮಾರಿಗೆ ಇರಲಿ. ಲೋಕದಲ್ಲಿ ನೂರು ಕೋಟಿಗೂ ಹೆಚ್ಚು ಹರೆಯದವರ ಕಿವಿ ಹೀಗೆ ಹಾಡು ಕೇಳಿಯೇ ಅಪಾಯದಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿದೆ.

ಕಾಯಿದೆ ಏನನ್ನುತ್ತದೆ? ನಮ್ಮ ಕಾರ್ಖಾನೆ ನಿಯಮಗಳು ಎಂಟು ಗಂಟೆಗೆ 90 ಡೆಸಿಬಲ್ ವರೆಗೆ ಬಿಡುತ್ತವೆ. ತಜ್ಞರು 85 ಎನ್ನುವಾಗ ಕಾಯಿದೆ 90 ಎನ್ನುವುದು ಕಾರ್ಮಿಕರಿಗೆ ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಅಷ್ಟನ್ನಾದರೂ ತಿಳಿದಿರಬೇಕು. ಸದ್ದಿನಿಂದ ಬರುವ ಕಿವುಡು ಕಾಯಿದೆಯ ಪಟ್ಟಿಯಲ್ಲಿರುವ ಔದ್ಯೋಗಿಕ ರೋಗ. ಕಾರ್ಮಿಕ ಪರಿಹಾರದ ಕಾನೂನಿನಲ್ಲೂ ಅದಕ್ಕೆ ಜಾಗವಿದೆ. ತೋರಣಗಲ್ಲಿನಂಥ ದೊಡ್ಡ ಉಕ್ಕಿನ ಕಾರ್ಖಾನೆಯಲ್ಲಿ, ಕುಡಿತಿನಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವವರು ಇದನ್ನು ಕೇಳಿ ಪಡೆಯಬಹುದು. ತಗಡಿನ ಶೆಡ್ಡಿನ ಹೊಲಿಗೆಯವರಿಗೆ ಕಾಯಿದೆಯ ಕೈ ಅಷ್ಟು ಸುಲಭವಾಗಿ ಎಟಕುವುದಿಲ್ಲ. ಅಲ್ಲಿ ಉಳಿಯುವುದು ಇಯರ್‌ಪ್ಲಗ್. ಮೆತ್ತನೆಯ ಸ್ಪಂಜಿನ ಒಂದು ಜೋಡಿ, ಬೆಲೆ ಒಂದೆರಡು ಕಪ್ ಚಹಾದಷ್ಟು. ಹಾಕುವ ಕ್ರಮ ಗೊತ್ತಿರಬೇಕು. ಬೆರಳಲ್ಲಿ ಹೊಸೆದು ಸಣ್ಣ ಬತ್ತಿಯಂತೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು, ಪ್ಲಗ್ ಒಳಗಿಟ್ಟು ಅದು ಹಿಗ್ಗುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಹತ್ತಿ ಇಟ್ಟುಕೊಂಡರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ಹತ್ತಿ ಧೂಳು ತಡೆಯುತ್ತದೆ, ಸದ್ದನ್ನು ತಡೆಯುವುದಿಲ್ಲ.

ಜಾತ್ರೆಯ ಮಾತು ಬಿಟ್ಟರೆ ಈ ಭಾಗ ಪೂರ್ತಿಯಾಗದು. ನಟ ಬಳ್ಳಾರಿ ರಾಘವರು ರಂಗಕ್ಕೆ ಬಂದ ಕಾಲದಲ್ಲಿ ನಾಟಕಕ್ಕೆ ಮೈಕು ಇರಲಿಲ್ಲ, ಜನ ಕಿವಿಗೊಟ್ಟು ಕೇಳುತ್ತಿದ್ದರು. ಈಗ ಗಣೇಶನ ಮೆರವಣಿಗೆಯ ಡಿಜೆ ಪೆಟ್ಟಿಗೆಯ ಎದುರು ನಿಂತರೆ ಎದೆಗೂಡೇ ಅದುರುತ್ತದೆ, ಕೇಳುವ ಪ್ರಶ್ನೆಯೇ ಇಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಹಗಲಿನ ಹೊತ್ತು ನಿಮ್ಮ ರಕ್ಷಣೆ ನಿಮ್ಮ ಕಾಲಿನಲ್ಲಿದೆ: ಪೆಟ್ಟಿಗೆಯಿಂದ ದೂರ ನಡೆಯಿರಿ. ಹೆಗಲ ಮೇಲೆ ಕೂಸು ಹೊತ್ತು ಅದರ ಎದುರು ಕುಣಿಯುವ ಅಪ್ಪಂದಿರಿಗೆ ನಾನು ಕಟುವಾಗಿಯೇ ಹೇಳುತ್ತೇನೆ, ಕೂಸನ್ನು ಮನೆಗೆ ಬಿಟ್ಟು ಬಂದು ಕುಣಿಯಿರಿ.

ಇನ್ನು ಸೋರುವ ಕಿವಿ. ಹಳ್ಳಿಗಳಲ್ಲಿ ಮಕ್ಕಳ ಕಿವಿ ಸೋರುವುದನ್ನು ನೆಗಡಿಯಷ್ಟೇ ಹಗುರವಾಗಿ ತೆಗೆದುಕೊಳ್ಳುತ್ತಾರೆ. "ದೊಡ್ಡವ ಆದಮ್ಯಾಲೆ ತಾನೇ ನಿಂದರ್ತೇತಿ" ಎಂಬ ಸಮಾಧಾನ ಬೇರೆ. ಮೂಗಿನ ಹಿಂಭಾಗದಿಂದ ಕಿವಿಗೆ ಒಂದು ಕೊಳವೆ ಇದೆ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚು ಅಡ್ಡವಾಗಿರುತ್ತದೆ. ನೆಗಡಿಯ ಸೋಂಕು ಸುಲಭವಾಗಿ ಕಿವಿಗೆ ನುಗ್ಗಿ, ಕೀವು ತುಂಬಿ, ತಮಟೆ ತೂತಾಗಿ ಸೋರುತ್ತದೆ. ಮಲಗಿಕೊಂಡೇ ಕೂಸಿಗೆ ಹಾಲು ಕುಡಿಸಬೇಡಿ, ತಲೆ ತುಸು ಎತ್ತರದಲ್ಲಿರಲಿ ಎನ್ನುವುದು ಇದೇ ಕಾರಣಕ್ಕೆ. ಮೊದಲ ಸಲವೇ ಔಷಧಿ ಸರಿಯಾಗಿ ಮಾಡಿದರೆ ತೂತು ಬಹುತೇಕ ತಾನೇ ಮುಚ್ಚುತ್ತದೆ. ವರ್ಷಗಟ್ಟಲೆ ಬಿಟ್ಟರೆ ತೂತು ಉಳಿದು, ಎಲುಬು ಸವೆದು, ಕಿವಿ ಮಂದವಾಗುತ್ತದೆ. ಸೋರುವುದು ಸ್ವಲ್ಪವೇ ಇದ್ದು ಕೊಳೆತ ವಾಸನೆ ಬರುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಆ ಬಗೆಯ ರೋಗ ಎಲುಬು ತಿಂದು ಮೆದುಳಿನ ತನಕ ಹೋಗಬಲ್ಲದು. ತೂತಾದ ತಮಟೆಗೆ ನಿಮ್ಮದೇ ಮೈಯ ತೆಳುಪೊರೆಯಿಂದ ತೇಪೆ ಹಾಕುವ ಶಸ್ತ್ರಚಿಕಿತ್ಸೆ ಇದೆ. ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ.

ಸೋರುವ ಕಿವಿಗೆ ನೀರು ಶತ್ರು. ಬೇಸಿಗೆ ರಜೆಯಲ್ಲಿ ಕಾಲುವೆಗೆ ಹಾರುವ ಮಕ್ಕಳನ್ನು ನಾನು ತಡೆಯಲಾರೆ. ಬಳ್ಳಾರಿಯ ಬಿಸಿಲಿನಲ್ಲಿ ಅದು ಮಕ್ಕಳ ಹಕ್ಕೇ ಇರಬೇಕು. ಆದರೆ ಕಿವಿ ಸೋರುವ ಹುಡುಗ ದಂಡೆಯ ಮೇಲೆ ಕೂರಲಿ. ತಲೆಗೆ ನೀರು ಹಾಕುವಾಗ ವ್ಯಾಸಲಿನ್ ಸವರಿದ ಹತ್ತಿಯನ್ನು ಕಿವಿಗೆ ಇಡಿ, ಆಮೇಲೆ ತೆಗೆಯಿರಿ. ಕಿವಿ ಸೋರಿದ ಕೂಡಲೇ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ, ಎದೆಹಾಲು, ಎಲೆಯ ರಸ ಬಿಡುವ ಅಜ್ಜಿಯರ ಮೇಲೆ ನನಗೆ ಗೌರವವಿದೆ, ಅವರ ಎಣ್ಣೆಯ ಮೇಲೆ ಇಲ್ಲ. ಒಂದೇ ಒಂದು ಸಂದರ್ಭದಲ್ಲಿ ಎಣ್ಣೆಗೆ ಒಪ್ಪುತ್ತೇನೆ. ಹೊಲದಲ್ಲಿ ಮಲಗಿದಾಗ ಜೀವಂತ ಹುಳ ಕಿವಿಗೆ ಹೊಕ್ಕು ಒದ್ದಾಡುತ್ತಿದ್ದರೆ, ಹಿಂದೆ ಕಿವಿ ಸೋರಿದ್ದಿಲ್ಲವಾದರೆ, ಎರಡು ಹನಿ ಉಗುರುಬೆಚ್ಚನೆ ಕೊಬ್ಬರಿ ಎಣ್ಣೆ ಬಿಟ್ಟು ಹುಳವನ್ನು ಸಾಯಿಸಿ ಆಸ್ಪತ್ರೆಗೆ ಬನ್ನಿ. ಕೂಸು ಕಿವಿಗೆ ಜೋಳದ ಕಾಳು, ಕಡಲೆ ತುರುಕಿಕೊಂಡಿದ್ದರೆ ನೀರು ಮಾತ್ರ ಬಿಡಬೇಡಿ. ಕಾಳು ನೆನೆದು ಉಬ್ಬುತ್ತದೆ, ಆಮೇಲೆ ತೆಗೆಯುವ ನಮಗೂ ತೆಗೆಸಿಕೊಳ್ಳುವ ಕೂಸಿಗೂ ಫಜೀತಿ.

ಕಿವಿಯ ಗುಗ್ಗೆ ಹೊಲಸಲ್ಲ. ಅದು ಓಣಿಯ ಕಾವಲಿಗೆ ಮೈಯೇ ಮಾಡಿಕೊಂಡ ಮೇಣ, ಧೂಳನ್ನು ಹಿಡಿದು ತಾನಾಗಿ ಹೊರಗೆ ಸರಿಯುತ್ತದೆ. ಬೆಂಕಿಕಡ್ಡಿ, ಹೇರ್‌ಪಿನ್ನು, ಬೈಕಿನ ಬೀಗದ ಕೈ, ಹತ್ತಿ ಸುತ್ತಿದ ಬಡ್ಸು, ಯಾವುದು ಒಳಗೆ ಹೋದರೂ ಗುಗ್ಗೆಯನ್ನು ಇನ್ನೂ ಒಳಕ್ಕೆ ದೂಡುತ್ತದೆ. ಪಕ್ಕದಲ್ಲಿದ್ದವರ ಮೊಳಕೈ ತಗುಲಿದರೆ ತಮಟೆಯೂ ಹೋಯಿತು. ಬಸ್‌ಸ್ಟ್ಯಾಂಡಿನ ಬಳಿ ಕಿವಿ ಸಾಫು ಮಾಡುವವರಿಗೆ ಕಿವಿ ಒಪ್ಪಿಸಬೇಡಿ. ಕೆನ್ನೆಗೆ ಹೊಡೆಯುವ ಚಟದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅಂಗೈ ಕಿವಿಯ ಮೇಲೆ ಬಿದ್ದರೆ ಒಳಗಿನ ಗಾಳಿಯೇ ತಮಟೆಯನ್ನು ಹರಿಯುತ್ತದೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಮನೆಯಲ್ಲಿ ಹೆಂಡತಿಗೆ ಹೊಡೆಯುವವನ ಬಗ್ಗೆ ಹೇಳುವುದಾದರೆ, "ಬಚ್ಚಲಲ್ಲಿ ಜಾರಿ ಬಿದ್ದೆ" ಎಂದು ಆಕೆ ಹೇಳಿದರೂ ತಮಟೆ ಹರಿದ ರೀತಿ ನಮಗೆ ಬೇರೆಯದನ್ನೇ ಹೇಳುತ್ತದೆ.

ಈಗ ತುಂಬಾ ಗಂಭೀರವಾದ ಮಾತು, ಹುಟ್ಟಿನಿಂದಲೇ ಕೇಳದ ಮಕ್ಕಳದು. ತನಗೆ ಕೇಳುವುದಿಲ್ಲ ಎಂದು ಕೂಸು ಹೇಳಲಾರದು. ಮನೆಯವರು ತಟ್ಟೆ ಬಡಿದು ನೋಡುತ್ತಾರೆ, ಕೂಸು ತಿರುಗಿತು, ಕಿವಿ ಚಲೋ ಇದೆ ಎಂದು ನಿಶ್ಚಿಂತರಾಗುತ್ತಾರೆ. ತಟ್ಟೆಯ ಸದ್ದು ಬಲು ದೊಡ್ಡದು. ಅರ್ಧ ಕಿವಿ ಹೋದ ಕೂಸೂ ತಿರುಗುತ್ತದೆ. ಮಾತು ಕೇಳಿಸುತ್ತದೆಯೇ ಎಂಬುದು ನಮಗೆ ಬೇಕಾದದ್ದು. ಆರು ತಿಂಗಳ ಕೂಸು ಕಾಣದ ಕಡೆಯಿಂದ ಬಂದ ಅವ್ವನ ದನಿಗೆ ತಿರುಗಬೇಕು. ವರ್ಷ ತುಂಬುವಾಗ ಹೆಸರು ಕರೆದರೆ ನೋಡಬೇಕು, ಒಂದೆರಡು ಮಾತು ಬರಬೇಕು. ಎರಡು ವರ್ಷಕ್ಕೆ ಎರಡು ಮಾತು ಜೋಡಿಸಬೇಕು. ಇದಾಗದಿದ್ದಾಗ "ಅವರ ಸೋದರಮಾವಗೂ ತಡವಾಗಿ ಮಾತು ಬಂತು" ಎಂಬ ಮಾತು ಮನೆಯಲ್ಲಿ ಹುಟ್ಟುತ್ತದೆ. ನಾನು ಹೆದರುವುದು ಈ ಒಂದು ಮಾತಿಗೆ. ಕೂಸಿನ ಮೆದುಳು ಮಾತು ಕಲಿಯಲು ತೆರೆದಿರುವುದು ಮೊದಲ ಕೆಲವೇ ವರ್ಷ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ರೋಗದ ನಿರ್ಧಾರ, ಆರು ತಿಂಗಳೊಳಗೆ ಚಿಕಿತ್ಸೆ ಎಂಬ ಕ್ರಮವನ್ನು ಲೋಕವೆಲ್ಲ ಒಪ್ಪಿದೆ. ನಮ್ಮಲ್ಲಿ ಎಷ್ಟೋ ಮಕ್ಕಳನ್ನು ಕರೆತರುವುದು ಶಾಲೆಗೆ ಸೇರ್ಪಡೆ ಸಿಗದಾಗ.

ಹುಟ್ಟು ಕಿವುಡಿನ ಕಾರಣಗಳಲ್ಲಿ ಒಂದನ್ನು ನಾವು ಕೈಯಾರೆ ಮಾಡಿಕೊಳ್ಳುತ್ತೇವೆ. ಅಕ್ಕನ ಮಗಳು, ಅತ್ತೆಯ ಮಗಳು, ಸೋದರಮಾವನ ಮಗ. ಆಸ್ತಿ ಹೊರಗೆ ಹೋಗಬಾರದು, ಸಂಬಂಧ ಹರಿಯಬಾರದು ಎಂಬ ಲೆಕ್ಕ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದು. ಕಿವುಡು ತರುವ ವಂಶವಾಹಿಗಳಲ್ಲಿ ಬಹುಪಾಲು ಅವಿತುಕೊಂಡು ಬರುವಂಥವು. ಅಪ್ಪನಲ್ಲಿ ಒಂದು, ಅವ್ವನಲ್ಲಿ ಒಂದು ಇದ್ದರೆ ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳುತ್ತದೆ, ಎರಡೂ ಕೂಡಿ ಬಂದ ಕೂಸಿಗೆ ಕೇಳುವುದಿಲ್ಲ. ಒಂದೇ ಮನೆತನದ ಇಬ್ಬರಲ್ಲಿ ಅದೇ ದೋಷ ಇರುವ ಸಾಧ್ಯತೆ ಹೊರಗಿನವರಿಗಿಂತ ಹೆಚ್ಚು. ಮನೆತನದಲ್ಲಿ ಹುಟ್ಟು ಕಿವುಡು ಒಬ್ಬರಿದ್ದರೂ ಒಳಸಂಬಂಧ ಬೇಡ. ಈಗಾಗಲೇ ಆದ ಮದುವೆಯಾದರೆ ಯಾರನ್ನೂ ಹಳಿಯುವುದು ಬೇಡ, ಕೂಸು ಹುಟ್ಟಿದ ಕೂಡಲೇ ಕಿವಿ ತೋರಿಸಿ. ಬಸುರಿಗೆ ರುಬೆಲ್ಲಾ ಬಂದರೂ ಕೂಸಿನ ಕಿವಿ ಹೋಗಬಹುದು. ದಡಾರ-ರುಬೆಲ್ಲಾ ಲಸಿಕೆ ಕರ್ನಾಟಕದಲ್ಲಿ 2017ರಿಂದ ಇದೆ, ತಪ್ಪಿಸಬೇಡಿ. ದಿನ ತುಂಬದೆ ಹುಟ್ಟಿದ, ಹುಟ್ಟಿದ ಮೇಲೆ ಕಾಮಾಲೆ ಏರಿದ, ಗಾಜಿನ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಇದ್ದ ಮಕ್ಕಳದ್ದಂತೂ ಪರೀಕ್ಷೆ ಆಗಲೇಬೇಕು.

ಪರೀಕ್ಷೆ ಕೂಸಿಗೆ ನೋಯುವುದಿಲ್ಲ. ನಿದ್ದೆಯಲ್ಲಿರುವಾಗ ಕಿವಿಗೆ ಸಣ್ಣ ಬಿರಡೆ ಇಟ್ಟು ಒಳಗಿನ ಸುರುಳಿ ಉತ್ತರ ಕೊಡುತ್ತದೆಯೇ ಎಂದು ಯಂತ್ರ ನೋಡುತ್ತದೆ. ಸಂಶಯ ಬಂದರೆ ಮುಂದಿನ ಪರೀಕ್ಷೆ, ಕಿವಿಯ ನರದ ಉತ್ತರ ನೋಡುವ ಬೆರಾ. ತೀವ್ರ ಕಿವುಡಿನ ಮಕ್ಕಳಿಗೆ ಶ್ರವಣಸಾಧನ ಸಾಲದೆ ಹೋದರೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಇದೆ. ಲಕ್ಷಗಟ್ಟಲೆ ಖರ್ಚಿನದಾದರೂ ಕೇಂದ್ರದ ಅಡಿಪ್ ಯೋಜನೆ, ರಾಜ್ಯದ ಶ್ರವಣ ಸಂಜೀವಿನಿ ಕಾರ್ಯಕ್ರಮಗಳಲ್ಲಿ ಎಳೆಯ ಮಕ್ಕಳಿಗೆ ನೆರವು ಸಿಗುತ್ತದೆ. ವಯಸ್ಸಿನ ಮಿತಿ ಇದೆ, ಅದಕ್ಕೇ ಬೇಗ ಬನ್ನಿ ಎನ್ನುವುದು. ಶಸ್ತ್ರಚಿಕಿತ್ಸೆಯ ಮರುದಿನ ಕೂಸು ಮಾತಾಡುವುದಿಲ್ಲ. ವರ್ಷಗಳ ಕಾಲ ಮಾತಿನ ತರಬೇತಿ ಬೇಕು. ಅವ್ವ ದಿನವಿಡೀ ಮಾತಾಡುತ್ತಿರಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಡೀ ದೇಶಕ್ಕೆ ಹೆಸರಾದದ್ದು. ನಮ್ಮ ಸೀಮೆಯ ತಾಯಂದಿರು ಕೂಸನ್ನು ಕಟ್ಟಿಕೊಂಡು ರಾತ್ರಿಯೆಲ್ಲ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕೂತು ಅಲ್ಲಿಗೆ ಹೋಗಿಬರುತ್ತಾರೆ. ಯಾವ ಸಾಧನದಿಂದಲೂ ಕೇಳಿಸದ ಮಕ್ಕಳಿಗೆ ಸನ್ನೆಭಾಷೆ ಪೂರ್ತಿ ಭಾಷೆಯೇ ಹೌದು, ಕಳಪೆ ಬದಲಿಯಲ್ಲ. ಸರ್ಕಾರ ನಡೆಸುವ ಕಿವುಡು ಮಕ್ಕಳ ಶಾಲೆಗಳಲ್ಲಿ ಒಂದು ಬಳ್ಳಾರಿಯಲ್ಲೇ ಇದೆ.

ಕೊನೆಗೆ ಹಿರಿಯರ ಸರದಿ. "ಅಜ್ಜಗ ಬೇಕಾದ್ದು ಮಾತ್ರ ಕೇಳಸ್ತೇತಿ" ಎಂಬ ಆರೋಪ ಇಲ್ಲದ ಮನೆಯಿಲ್ಲ. ಅಜ್ಜನ ಪರ ವಕಾಲತ್ತು ವಹಿಸಲು ಅಪ್ಪಣೆ ಕೊಡಿ. ವಯಸ್ಸಾದಂತೆ ಮೊದಲು ಹೋಗುವುದು ಸ, ಶ, ಚ, ಕ, ತ ಮೊದಲಾದ ಚೂಪು ವ್ಯಂಜನಗಳ ಕೇಳುವಿಕೆ. ಆ, ಓ, ಉ ಎಂಬ ಸ್ವರಗಳು ಗಟ್ಟಿಯಾಗಿ ಉಳಿಯುತ್ತವೆ. ಕನ್ನಡದ ಮಾತು ಮುಗಿಯುವುದೇ ಸ್ವರದಲ್ಲಿ. ಹಾಗಾಗಿ ಯಾರೋ ಮಾತಾಡಿದ್ದು ಅಜ್ಜನಿಗೆ ಕೇಳುತ್ತದೆ, ಏನು ಮಾತಾಡಿದರೆಂದು ತಿಳಿಯುವುದಿಲ್ಲ. "ಸಾಲ ತೀರಿತಾ?" ಎಂದು ಬೀಗರು ಕೇಳಿದ್ದು "ಕಾಲ ತೀರಿತಾ?" ಎಂದು ಕೇಳಿಸಿದರೆ ಅಜ್ಜ ಸಿಟ್ಟಾಗದೆ ಏನು ಮಾಡಬೇಕು? ಮೆಲ್ಲಗೆ ಹೇಳಿದರೆ ಕೇಳುವುದಿಲ್ಲ, ಕೂಗಿದರೆ "ಯಾಕ ಒದರ್ತಿ, ನಾನೇನು ಕೆಪ್ಪನಾ?" ಎಂದು ಗದರುತ್ತಾರೆ. ಇದೂ ನಾಟಕವಲ್ಲ. ಕೆಟ್ಟ ಸುರುಳಿಗೆ ಸಣ್ಣ ಸದ್ದು ಮುಟ್ಟುವುದಿಲ್ಲ, ದೊಡ್ಡ ಸದ್ದು ತಡೆಯುವುದಿಲ್ಲ. ಮಧ್ಯದ ಜಾಗ ಕಿರಿದಾಗಿರುತ್ತದೆ. ಎದುರಿಗೆ ಬಂದು, ಮುಖ ಕಾಣುವಂತೆ ಕೂತು, ಟಿವಿ ಆರಿಸಿ, ಬಿಡಿಸಿ ನಿಧಾನವಾಗಿ ಹೇಳಿ. ಅಡುಗೆಮನೆಯಿಂದ ಕೂಗಬೇಡಿ. ಕೆಪ್ಪನ ಪಾತ್ರ ನಮ್ಮ ನಾಟಕಗಳಲ್ಲಿ ನಗಿಸಲು ಸುಲಭದ ಸರಕು. ಆ ನಗೆಗೆ ಹೆದರಿಯೇ ಎಷ್ಟೋ ಹಿರಿಯರು ಕೇಳದಿದ್ದರೂ ತಲೆಯಾಡಿಸುತ್ತ, ಆಮೇಲೆ ಮದುವೆ ಮುಂಜಿಗೆ ಹೋಗುವುದನ್ನೇ ಬಿಡುತ್ತಾರೆ. ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಮರೆಗುಳಿತನಕ್ಕೆ ದಾರಿ ಮಾಡುವ, ಆದರೆ ತಡೆಯಬಹುದಾದ 14 ಕಾರಣಗಳನ್ನು ಗುರುತಿಸಿತು. ಅವುಗಳಲ್ಲಿ ದೊಡ್ಡವುಗಳ ಸಾಲಿನಲ್ಲಿ ಕಿವಿ ಮಂದವಾಗುವುದೂ ಇದೆ.

ಶ್ರವಣಸಾಧನ, ಜನ ಹೇಳುವ ಕಿವಿ ಮಷಿನ್ನು, ಪರೀಕ್ಷೆಯ ನಕ್ಷೆ ನೋಡಿ ಆಯಾ ಕಿವಿಗೆ ಹೊಂದಿಸುವ ವಸ್ತು. ಆನ್‌ಲೈನಿನಲ್ಲಿ ಕೆಲವು ನೂರಕ್ಕೆ ಸಿಗುವುದು ಎಲ್ಲ ಸದ್ದನ್ನೂ ಒಂದೇ ಸಮ ದೊಡ್ಡದು ಮಾಡುತ್ತದೆ, ಇದ್ದ ಕಿವಿಯನ್ನೂ ಕೆಡಿಸಬಹುದು. ಮೊದಲ ವಾರ ಫ್ಯಾನು, ಪಾತ್ರೆ, ತಮ್ಮದೇ ಹೆಜ್ಜೆಯ ಸದ್ದು ಕರ್ಕಶ ಎನಿಸುತ್ತದೆ. ಮೆದುಳು ಒಗ್ಗಲು ಕೆಲವು ವಾರ ಬೇಕು. ಅಷ್ಟರಲ್ಲಿ ಬೇಸತ್ತು ಟ್ರಂಕಿಗೆ ಸೇರಿಸುವವರೇ ಹೆಚ್ಚು. ನಮ್ಮ ಬಿಸಿಲಿನಲ್ಲಿ ಬೆವರು ಯಂತ್ರದ ವೈರಿ. ರಾತ್ರಿ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ತೇವ ಹೀರುವ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಬಡತನದ ರೇಖೆಯ ಕೆಳಗಿರುವ 60 ದಾಟಿದವರಿಗೆ ಇದನ್ನು ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ.

ಕುರುಗೋಡಿನ ದೊಡ್ಡಬಸವೇಶ್ವರ ಏಕಶಿಲೆಯ ಬೃಹತ್ ನಂದಿ. ನಂದಿಯ ಕಿವಿಯಲ್ಲಿ ಹರಕೆ ಪಿಸುಗುಟ್ಟುವ ರೂಢಿ ನಮ್ಮ ನಾಡಿನ ಗುಡಿಗಳಲ್ಲಿದೆ. ಅದೇ ಪಿಸುಮಾತಿನಿಂದ ಮನೆಯಲ್ಲೊಂದು ಪರೀಕ್ಷೆ ಮಾಡಬಹುದು. ಹಿರಿಯರನ್ನು ಕೂರಿಸಿ, ಹಿಂದೆ ಒಂದು ತೋಳಿನಷ್ಟು ದೂರ ನಿಲ್ಲಿ. ಅವರು ಒಂದು ಕಿವಿಯನ್ನು ಬೆರಳಿಂದ ಮುಚ್ಚಿಕೊಳ್ಳಲಿ. ನೀವು ಉಸಿರು ಹೊರಬಿಟ್ಟು ಏಳು, ಮೂರು, ಒಂಬತ್ತು ಹೀಗೆ ಮೂರು ಅಂಕಿ ಪಿಸುಗುಟ್ಟಿ, ಅವರು ತಿರುಗಿ ಹೇಳಲಿ. ತಪ್ಪಿದರೆ ಬೇರೆ ಮೂರು ಅಂಕಿ. ಆರರಲ್ಲಿ ಮೂರಾದರೂ ಸರಿ ಹೇಳದಿದ್ದರೆ ಆಸ್ಪತ್ರೆಯ ದಾರಿ ಹಿಡಿಯಿರಿ. ಇದಕ್ಕೆ ವಾರ ತಿಂಗಳು ಕಾಯಬಹುದು. ಆದರೆ ರಾತ್ರಿ ಚೆನ್ನಾಗಿದ್ದು ಬೆಳಿಗ್ಗೆ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದು ತುರ್ತು, ಅದೇ ದಿನ ಬರಬೇಕು. ಮೊದಲ ದಿನಗಳಲ್ಲಿ ಕೊಟ್ಟ ಔಷಧಿಗೆ ಇರುವ ಬಲ ತಿಂಗಳು ಕಳೆದರೆ ಇರುವುದಿಲ್ಲ. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಇಂಜೆಕ್ಷನ್ ನಡೆಯುವಾಗ ಕಿವಿಯಲ್ಲಿ ಗುಂಯ್ ಎಂದರೆ ಕೂಡಲೇ ವೈದ್ಯರಿಗೆ ತಿಳಿಸಿ.

ಸಿರುಗುಪ್ಪ, ಕುರುಗೋಡಿನವರು ಮೊದಲು ತಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ಬರೆಸಿಕೊಳ್ಳಬಹುದು. ಅಂಗನವಾಡಿ, ಶಾಲೆಗೆ ಬರುವ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಕ್ಕಳ ಕಿವಿಯ ಸಂಶಯವನ್ನು ಹೇಳಬಹುದು. ಬಳ್ಳಾರಿಯಲ್ಲಿ 1961ರಿಂದ ಇರುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಜನ ಇನ್ನೂ ವಿಮ್ಸ್ ಎಂದೇ ಕರೆಯುವುದು, ಅಲ್ಲಿ ಕಿವಿ ಮೂಗು ಗಂಟಲಿನ ವಿಭಾಗವಿದೆ. ಕಿವಿಯ ಪರೀಕ್ಷೆ ಅರ್ಧ ಗಂಟೆಯ ಕೆಲಸ. ಸೂಜಿ ಚುಚ್ಚುವುದಿಲ್ಲ, ರಕ್ತ ತೆಗೆಯುವುದಿಲ್ಲ, ಉಪವಾಸ ಬರಬೇಕಿಲ್ಲ. ಬರುವಾಗ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಬನ್ನಿ, ನಾವು ಕೇಳುವ ಅರ್ಧ ಪ್ರಶ್ನೆಗಳಿಗೆ ಉತ್ತರ ಅವರ ಹತ್ತಿರ ಇರುತ್ತದೆ.